ಬುರ್ಕಿನಾ ಫಾಸೊ: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆಯ ಹಳೇ ಅಟ್ಲಾಸಿನಲ್ಲಿ ಬುರ್ಕಿನಾ ಫಾಸೊ ಅಂತ ದೇಶವೇ ಇಲ್ಲ. ಆ ಜಾಗದಲ್ಲಿ ‘ಅಪ್ಪರ್ ವೋಲ್ಟಾ’ ಅಂತ ಅಚ್ಚಾಗಿದೆ. ಚಿಕ್ಕವನಿದ್ದಾಗ ಅದೆರಡು ಬೇರೆ ಬೇರೆ ದೇಶ ಅಂದುಕೊಂಡಿದ್ದೆ. ಆ ಗೊಂದಲ ಬಗೆಹರಿಸಿಕೊಳ್ಳಲು ಹೊರಟವನು ಇವತ್ತಿನವರೆಗೂ ಆ ದೇಶದ ಸುದ್ದಿ ಓದುತ್ತಲೇ ಇದ್ದೇನೆ. ಈಗ ಎರಡು ಮೂರು ವರ್ಷದಿಂದ ವಾಟ್ಸಾಪಿನಲ್ಲಿ ಅಲ್ಲಿಯ ಸೈನಿಕ ನಾಯಕನ ವಿಡಿಯೋಗಳು ಓಡಾಡುತ್ತಿವೆ. ಹಾಗಾಗಿ ನೆಂಟರು, ಗೆಳೆಯರು ಎಲ್ಲರೂ ನನ್ನನ್ನೇ ಹಿಡಿದು ಕೇಳುತ್ತಾರೆ. ಎಲ್ಲರಿಗೂ ಒಂದೇ ಸಲ ಉತ್ತರ ಬರೆದುಬಿಡೋಣ ಅಂತ ಕೂತಿದ್ದೇನೆ.

ಇದು ಎಲ್ಲಿದೆ? ಎಷ್ಟು ದೊಡ್ಡದು?

ಪಶ್ಚಿಮ ಆಫ್ರಿಕಾದ ನಡುಮನೆಯಲ್ಲಿದೆ. ಉತ್ತರಕ್ಕೂ ಪಶ್ಚಿಮಕ್ಕೂ ಮಾಲಿ, ಪೂರ್ವಕ್ಕೆ ನೈಜರ್, ಕೆಳಗೆ ಬೆನಿನ್, ಟೋಗೊ, ಘಾನಾ, ಐವರಿ ಕೋಸ್ಟ್. ಒಟ್ಟು ಆರು ನೆರೆಮನೆ, ಸಮುದ್ರ ಮಾತ್ರ ಎಲ್ಲೂ ಇಲ್ಲ. ವಿಸ್ತೀರ್ಣ ಸುಮಾರು 2.74 ಲಕ್ಷ ಚದರ ಕಿಲೋಮೀಟರ್, ಅಂದರೆ ಹೆಚ್ಚು ಕಡಿಮೆ ಒಂದೂವರೆ ಕರ್ನಾಟಕ. ಜನ ಮಾತ್ರ ನಮ್ಮ ಅರ್ಧಕ್ಕಿಂತ ಕಡಿಮೆ. 2019ರ ಜನಗಣತಿಯಲ್ಲಿ 2.05 ಕೋಟಿ ಇದ್ದರು, ಈಗ ಇನ್ನೂ ಜಾಸ್ತಿಯಾಗಿದ್ದಾರೆ. ಅವರಲ್ಲಿ ಅರ್ಧದಷ್ಟು ಜನ ಇನ್ನೂ ಹದಿಹರೆಯವನ್ನೇ ದಾಟಿಲ್ಲ.

ನೆಲ ಬಹುಪಾಲು ಚಪ್ಪಟೆ. ಅತಿ ಎತ್ತರದ ಬೆಟ್ಟ ತೆನಾಕುರು, 750 ಮೀಟರ್ ಆಸುಪಾಸು. ನಂದಿಬೆಟ್ಟದ ಅರ್ಧ ಅಂದುಕೊಳ್ಳಿ.

ರಾಜಧಾನಿಯ ಹೆಸರು ಹೇಗೆ ಹೇಳುವುದು?

ವಾಗಾದುಗು. ‘ಔಗಡೌಗೌ’ ಅಂತ ಓದಬೇಡಿ. ಇಂಗ್ಲಿಷ್ ಅಕ್ಷರ ನೋಡಿ ಹಾಗೆ ಅನಿಸುತ್ತದೆ, ಆದರೆ ಅದು ಫ್ರೆಂಚ್ ಕಾಗುಣಿತ. ಅಲ್ಲಿಯವರು ಸುಮ್ನೆ ‘ವಾಗಾ’ ಅನ್ನುತ್ತಾರೆ. ಎರಡನೇ ದೊಡ್ಡ ಊರು ಬೋಬೊ-ಜುಲಾಸೊ, ಅದೂ ಬಾಯಲ್ಲಿ ‘ಬೋಬೊ’ ಆಗಿಹೋಗಿದೆ.

ಅಪ್ಪರ್ ವೋಲ್ಟಾ ಅಂತ ಇದ್ದದ್ದು ಬುರ್ಕಿನಾ ಫಾಸೊ ಆದದ್ದು ಯಾಕೆ?

ವೋಲ್ಟಾ ಒಂದು ನದಿ. ಅದರ ಮೂರು ಕವಲು ಈ ದೇಶದಲ್ಲಿ ಹುಟ್ಟುತ್ತವೆ. ಕಪ್ಪು, ಬಿಳಿ, ಕೆಂಪು ವೋಲ್ಟಾ ಅಂತ ಹೆಸರು. ಮೇಲ್ಭಾಗದ ವೋಲ್ಟಾ ಸೀಮೆ ಎಂದು ಫ್ರೆಂಚರು ಹೆಸರಿಟ್ಟರು. ಜನ ಯಾರು, ಅವರನ್ನು ಏನಂತ ಕರೆಯುತ್ತಾರೆ ಅನ್ನುವುದಕ್ಕೂ ಆ ಹೆಸರಿಗೂ ಸಂಬಂಧವೇ ಇರಲಿಲ್ಲ. ನಮ್ಮನ್ನು ಯಾರೋ ಹೊರಗಿನವರು ಬಂದು ‘ಮೇಲಿನ ಕೃಷ್ಣಾ’ ಅಂತ ಕರೆದ ಹಾಗೆ.

1984ರ ಆಗಸ್ಟ್ 4ರಂದು ಆಗಿನ ಅಧ್ಯಕ್ಷ ತೋಮಾ ಸಂಕಾರಾ ಹೆಸರು ಬದಲಾಯಿಸಿದ. ಹೊಸ ಹೆಸರನ್ನು ಕಟ್ಟಿದ ರೀತಿ ನನಗೆ ತುಂಬಾ ಇಷ್ಟ. ‘ಬುರ್ಕಿನಾ’ ಅನ್ನುವುದು ಮೋರೆ ಭಾಷೆಯ ಪದ, ನೆಟ್ಟಗೆ ಬದುಕುವವರು, ಮರ್ಯಾದಸ್ಥರು ಎಂಬ ಅರ್ಥ. ‘ಫಾಸೊ’ ಜುಲಾ ಭಾಷೆಯದ್ದು, ಅಪ್ಪನ ಮನೆ ಅಂತ. ಅಲ್ಲಿಯ ಪ್ರಜೆಯನ್ನು ‘ಬುರ್ಕಿನಾಬೆ’ ಎನ್ನುತ್ತಾರೆ. ಆ ಕೊನೆಯ ‘ಬೆ’ ಫುಲಾನಿಗಳ ಫುಲ್‌ಫುಲ್ಡೆ ಭಾಷೆಯಿಂದ ಬಂದ ಪ್ರತ್ಯಯ. ಅರವತ್ತಕ್ಕೂ ಹೆಚ್ಚು ಭಾಷೆ ಇರುವ ಕಡೆ ಮೂರು ದೊಡ್ಡ ಭಾಷೆಗಳಿಂದ ಒಂದೊಂದು ತುಂಡು ತಂದು ಹೊಲಿದ ಹೆಸರು ಇದು. ನದಿಗಳಿಗೂ ಊರಿನ ಹೆಸರೇ ಬಂದವು. ಕಪ್ಪು ವೋಲ್ಟಾ ಮುಹೂನ್ ಆಯಿತು, ಬಿಳಿಯದು ನಾಕಾಂಬೆ, ಕೆಂಪಿನದು ನಾಜಿನೋ.

ಮಧ್ಯದಲ್ಲಿ ಈ ದೇಶ ಮಾಯವಾಗಿತ್ತಂತೆ, ನಿಜಾನಾ?

ನಿಜ. ಫ್ರೆಂಚರು 1919ರಲ್ಲಿ ಇದನ್ನು ಬೇರೆ ವಸಾಹತು ಮಾಡಿದರು. 1932ರಲ್ಲಿ ಅದನ್ನು ಅಳಿಸಿ ಮೂರು ತುಂಡು ಮಾಡಿ ಐವರಿ ಕೋಸ್ಟ್, ಫ್ರೆಂಚ್ ಸುಡಾನ್ ಅಂದರೆ ಇವತ್ತಿನ ಮಾಲಿ, ಮತ್ತು ನೈಜರ್‌ಗೆ ಹಂಚಿದರು. ಕರಾವಳಿಯ ತೋಟಗಳಿಗೆ ಕೂಲಿಯಾಳು ಬೇಕಿತ್ತು. ಆಳುಗಳಿದ್ದ ಸೀಮೆಯನ್ನೇ ತೋಟವಿದ್ದ ಸೀಮೆಗೆ ಸೇರಿಸಿಬಿಟ್ಟರೆ ಕೆಲಸ ಸಲೀಸು, ಅಲ್ವಾ? 1947ರಲ್ಲಿ ಮತ್ತೆ ಒಂದು ಮಾಡಿದರು. 1960ರ ಆಗಸ್ಟ್ 5ಕ್ಕೆ ಸ್ವಾತಂತ್ರ್ಯ ಬಂತು.

ಆಗ ಶುರುವಾದ ವಲಸೆ ಇನ್ನೂ ನಿಂತಿಲ್ಲ. ಐವರಿ ಕೋಸ್ಟಿನ ಕೋಕೋ ತೋಟಗಳಲ್ಲಿ ಇವತ್ತಿಗೂ ಲಕ್ಷಾಂತರ ಬುರ್ಕಿನಾಬೆಗಳಿದ್ದಾರೆ. ಎಷ್ಟೋ ಹಳ್ಳಿಗಳಲ್ಲಿ ಮನೆಗೆ ತಗಡಿನ ಸೂರು ಬಂದದ್ದು ಅಲ್ಲಿಂದ ಮಗನೋ ತಮ್ಮನೋ ಕಳಿಸಿದ ದುಡ್ಡಿನಲ್ಲಿ.

ಸಮುದ್ರ ಇಲ್ಲದಿದ್ದರೆ ಏನು ಕಷ್ಟ?

ಲೆಕ್ಕ ಹಾಕಿ ನೋಡಿ. ಪೆಟ್ರೋಲು, ಅಕ್ಕಿ, ಸಿಮೆಂಟಿಗೆ ಬೇಕಾದ ಸರಕು, ಔಷಧಿ, ಎಲ್ಲ ಹಡಗಿನಲ್ಲಿ ಬಂದು ಇಳಿಯುವುದು ಬೇರೆಯವರ ಬಂದರಿನಲ್ಲಿ. ಐವರಿ ಕೋಸ್ಟಿನ ಅಬಿಜಾನ್, ಘಾನಾದ ತೇಮಾ, ಟೋಗೊದ ಲೊಮೆ, ಬೆನಿನ್‌ನ ಕೊತೊನು. ಯಾವುದೇ ಬಂದರಿನಿಂದ ವಾಗಾಕ್ಕೆ ಹೆಚ್ಚು ಕಡಿಮೆ ಸಾವಿರ ಕಿಲೋಮೀಟರ್. ದಾರಿಯಲ್ಲಿ ಗಡಿ, ಚೆಕ್‌ಪೋಸ್ಟ್, ಕಾಯುವ ಲಾರಿಗಳ ಸಾಲು. ಪ್ರತಿ ಚೀಲ ಅಕ್ಕಿಯ ಬೆಲೆಯಲ್ಲಿ ಈ ದಾರಿಯ ಖರ್ಚು ಕೂತಿರುತ್ತದೆ.

ಇರುವುದು ಒಂದೇ ರೈಲು ದಾರಿ. ಅಬಿಜಾನ್‌ನಿಂದ ಹೊರಟು 1934ರಲ್ಲಿ ಬೋಬೊ ಮುಟ್ಟಿತು, ವಾಗಾ ಮುಟ್ಟಲು 1954 ಆಯಿತು. ಸಂಕಾರಾನ ಕಾಲದಲ್ಲಿ ಜನರೇ ಹಳಿ ಹೊತ್ತು ಅದನ್ನು ಕಾಯಾ ಎಂಬ ಊರಿನ ಕಡೆಗೆ ಇನ್ನಷ್ಟು ಎಳೆದರು. 2002ರಲ್ಲಿ ಐವರಿ ಕೋಸ್ಟಿನಲ್ಲಿ ಅಂತರ್ಯುದ್ಧ ಶುರುವಾದಾಗ ಗಡಿ ಮುಚ್ಚಿತು, ರೈಲೂ ನಿಂತಿತು. ಜಗಳ ಪಕ್ಕದ ಮನೆಯದ್ದು, ಒಲೆ ಆರಿದ್ದು ಇವರದ್ದು. ಆಗಿನಿಂದ ವ್ಯಾಪಾರಿಗಳು ಒಂದೇ ಬಂದರನ್ನು ನೆಚ್ಚಿಕೊಳ್ಳುವುದನ್ನು ಬಿಟ್ಟು ತೇಮಾ, ಲೊಮೆ ದಾರಿಗಳನ್ನೂ ಹಿಡಿದರು.

ತೋಮಾ ಸಂಕಾರಾ ಯಾರು? ಯಾಕೆ ಅಷ್ಟು ಹೆಸರು?

ಇದಕ್ಕೆ ಉದ್ದ ಉತ್ತರ ಬೇಕು.

1983ರ ಆಗಸ್ಟ್ 4ರಂದು ಸೇನಾ ಕ್ಯಾಪ್ಟನ್ ಒಬ್ಬ ಕ್ರಾಂತಿಯ ಹೆಸರಿನಲ್ಲಿ ಅಧಿಕಾರ ಹಿಡಿದ. ವಯಸ್ಸು 33, ಗಿಟಾರ್ ಬಾರಿಸುತ್ತಿದ್ದ. ಅವನೇ ಸಂಕಾರಾ. ಆಳಿದ್ದು ನಾಲ್ಕೇ ವರ್ಷ. ಆ ನಾಲ್ಕು ವರ್ಷದಲ್ಲಿ ಮಾಡಿದ ಕೆಲಸಗಳನ್ನು ಜನ ಇನ್ನೂ ಎಣಿಸುತ್ತಾರೆ. ಸರ್ಕಾರಿ ಮರ್ಸಿಡಿಸ್ ಕಾರುಗಳನ್ನು ಮಾರಿ ಮಂತ್ರಿಗಳಿಗೆ ಸಣ್ಣ ರೆನೋ 5 ಕೊಟ್ಟ. ಕೆಲವೇ ವಾರಗಳ ಅಭಿಯಾನದಲ್ಲಿ 20 ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ ದಡಾರ, ಮೆನಿಂಜೈಟಿಸ್, ಯೆಲ್ಲೋ ಫೀವರ್ ಲಸಿಕೆ ಹಾಕಿಸಿದ. ಮರುಭೂಮಿ ಹರಡದಂತೆ ಗಿಡ ನೆಡಿಸಿದ. ಹೆಣ್ಣುಮಕ್ಕಳ ಜನನಾಂಗ ಕತ್ತರಿಸುವ ಪದ್ಧತಿ ಮತ್ತು ಬಲವಂತದ ಮದುವೆಯ ವಿರುದ್ಧ ನಿಂತ. 1987ರ ಜುಲೈನಲ್ಲಿ ಆದಿಸ್ ಅಬಾಬಾದಲ್ಲಿ ಆಫ್ರಿಕಾದ ನಾಯಕರ ಮುಂದೆ, ನಮ್ಮ ಸಾಲ ನಾವು ತೀರಿಸಬಾರದು, ಎಲ್ಲರೂ ಸೇರಿ ಒಟ್ಟಿಗೆ ಇಲ್ಲ ಅನ್ನೋಣ, ನಾನೊಬ್ಬನೇ ಅಂದರೆ ಮುಂದಿನ ಸಭೆಗೆ ನಾನಿರುವುದಿಲ್ಲ ಎಂಬರ್ಥದ ಮಾತಾಡಿದ. ಅದು ಹಾಗೇ ಆಯಿತು. ಆ ವರ್ಷದ ಅಕ್ಟೋಬರ್ 15ರಂದು ಹನ್ನೆರಡು ಸಂಗಡಿಗರ ಜತೆ ಅವನನ್ನು ಗುಂಡಿಕ್ಕಿ ಕೊಂದರು. ಗಾದಿಗೆ ಬಂದದ್ದು ಅವನ ಆಪ್ತ ಗೆಳೆಯ ಬ್ಲೇಸ್ ಕಾಂಪಾವೊರೆ.

ನನಗೆ ಹತ್ತಿರವಾದದ್ದು ಬಟ್ಟೆಯ ಕಥೆ. ಬುರ್ಕಿನಾದಲ್ಲಿ ಹತ್ತಿ ಧಾರಾಳ, ಆದರೆ ತೊಡುವ ಬಟ್ಟೆ ಹೊರಗಿನದ್ದು. ಸಂಕಾರಾ ಸರ್ಕಾರಿ ನೌಕರರು ‘ಫಾಸೊ ದಾನ್ ಫಾನಿ’ ತೊಡಬೇಕು ಅಂದ. ಹಾಗಂದರೆ ನಾಡಿನ ಕೈಮಗ್ಗದ ಬಟ್ಟೆ. ಸಣ್ಣ ಮಗ್ಗದಲ್ಲಿ ಅಗಲ ಕಡಿಮೆಯ ಪಟ್ಟಿಗಳನ್ನು ನೇಯ್ದು, ಪಟ್ಟಿಗೆ ಪಟ್ಟಿ ಸೇರಿಸಿ ಹೊಲಿಯುತ್ತಾರೆ. ನಮ್ಮ ಖಾದಿಯ ನೆನಪಾಗುವುದು ಸಹಜ. ಆಗಿನ ಗುಮಾಸ್ತರು ಗೊಣಗಿಕೊಂಡೇ ತೊಟ್ಟರು. ಈಗ ಅದೇ ಬಟ್ಟೆ ಮದುವೆ, ಸಭೆ, ಫ್ಯಾಷನ್ ಷೋಗಳಲ್ಲಿ ಹೆಮ್ಮೆಯ ಉಡುಪು.

ದೇವರು ಮಾಡಿ ಕೂರಿಸಬೇಡಿ ಅಂತಲೂ ಹೇಳುತ್ತೇನೆ. ಮುಷ್ಕರ ಹೂಡಿದ ಸಾವಿರಕ್ಕೂ ಹೆಚ್ಚು ಶಿಕ್ಷಕರನ್ನು ಕೆಲಸದಿಂದ ತೆಗೆದವನೂ ಅವನೇ. ಓಣಿ ಓಣಿಯ ಕ್ರಾಂತಿ ಸಮಿತಿಗಳು ಬಂದೂಕು ಹಿಡಿದು ದಬ್ಬಾಳಿಕೆ ಮಾಡಿದವು. ಬೇರೆ ಪಕ್ಷಗಳಿಗೆ ಜಾಗವೇ ಇರಲಿಲ್ಲ.

ಕೊಂದವರಿಗೆ ಶಿಕ್ಷೆ ಆಯಿತಾ?

ಆಯಿತು, 35 ವರ್ಷ ಕಾದ ಮೇಲೆ. 2022ರ ಏಪ್ರಿಲ್‌ನಲ್ಲಿ ವಾಗಾದ ಸೇನಾ ನ್ಯಾಯಾಲಯ ಕಾಂಪಾವೊರೆಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಅವನು ಕೋರ್ಟಿಗೆ ಬಂದಿರಲಿಲ್ಲ, ಐವರಿ ಕೋಸ್ಟಿನಲ್ಲಿ ಇದ್ದ.

ಕಾಂಪಾವೊರೆ ಹೋದದ್ದು ಹೇಗೆ?

27 ವರ್ಷ ಆಳಿದ. ಮತ್ತೆ ಚುನಾವಣೆಗೆ ನಿಲ್ಲಲು ಸಂವಿಧಾನದ 37ನೇ ವಿಧಿ ಅಡ್ಡಿಯಿತ್ತು. ಅದನ್ನು ತಿದ್ದಲು ಹೊರಟ. 2014ರ ಅಕ್ಟೋಬರ್ 30ರಂದು ಜನ ಬೀದಿಗಿಳಿದು ಸಂಸತ್ತಿಗೇ ಬೆಂಕಿ ಹಚ್ಚಿದರು. ಮಾರನೇ ದಿನ ಅವನು ರಾಜೀನಾಮೆ ಕೊಟ್ಟು ಓಡಿದ. ಅದಕ್ಕೂ ಸ್ವಲ್ಪ ಮುಂಚೆ ಹೆಂಗಸರು ಹಿಟ್ಟು ತಿರುವುವ ಸೌಟುಗಳನ್ನು ಎತ್ತಿ ಹಿಡಿದು ಮೆರವಣಿಗೆ ಹೋಗಿದ್ದರು. ಅಲ್ಲಿ ಹೆಂಗಸು ಸೌಟು ಎತ್ತಿದರೆ ಗಂಡಸಿಗೆ ಅದಕ್ಕಿಂತ ದೊಡ್ಡ ಅವಮಾನ ಇಲ್ಲ.

ಮುಂದಿನ ವರ್ಷ ಅವನ ಅಂಗರಕ್ಷಕ ಪಡೆ ಮತ್ತೆ ದಂಗೆ ಎದ್ದಿತು, ಒಂದು ವಾರದಲ್ಲಿ ಸೋತಿತು. ಆ ನವೆಂಬರ್‌ನಲ್ಲಿ ಚುನಾವಣೆ ನಡೆದು ರೋಕ್ ಕಾಬೋರೆ ಅಧ್ಯಕ್ಷನಾದ.

ಹಾಗಾದರೆ ಒಟ್ಟು ಎಷ್ಟು ಸಲ ಸೈನ್ಯ ಅಧಿಕಾರ ಹಿಡಿದಿದೆ?

1966, 1980, 1982, 1983, 1987, ಆಮೇಲೆ 2022ರಲ್ಲಿ ಎರಡು ಸಲ. ವಿಫಲವಾದ ಪ್ರಯತ್ನಗಳನ್ನು ಇದಕ್ಕೆ ಸೇರಿಸಿಲ್ಲ.

ಈಗ ಆಳುತ್ತಿರುವ ಇಬ್ರಾಹಿಂ ತ್ರಾವೊರೆ ಬಗ್ಗೆ ಬರುವ ವಿಡಿಯೋಗಳೆಲ್ಲ ನಿಜಾನಾ?

ಬಹಳಷ್ಟು ಸುಳ್ಳು. ಎಐ ಬಳಸಿ ಮಾಡಿದ ಭಾಷಣ, ಅವನ ಮೇಲೆ ಹೆಸರಾಂತ ಪಾಪ್ ಗಾಯಕರು ಹಾಡಿದ ಹಾಗೆ ಮಾಡಿದ ಹಾಡು, ಇನ್ಯಾವುದೋ ದೇಶದ ಹೆದ್ದಾರಿ ತೋರಿಸಿ ‘ನೋಡಿ ಬುರ್ಕಿನಾ’ ಅನ್ನುವ ವಿಡಿಯೋ, ಎಲ್ಲ ಇವೆ. ನನ್ನ ಚಿಕ್ಕಪ್ಪನೇ ಒಂದು ಕಳಿಸಿದ್ದರು. ಅದರಲ್ಲಿ ಅವನು ಅಚ್ಚ ಅಮೆರಿಕನ್ ಇಂಗ್ಲಿಷ್ ಮಾತಾಡುತ್ತಿದ್ದ. ಅಸಲಿ ಮನುಷ್ಯ ಭಾಷಣ ಮಾಡುವುದು ಫ್ರೆಂಚಿನಲ್ಲಿ.

ಖಚಿತವಾಗಿ ಹೇಳಬಹುದಾದದ್ದು ಇಷ್ಟು. ತ್ರಾವೊರೆ ಕೂಡ ಕ್ಯಾಪ್ಟನ್. 2022ರ ಜನವರಿಯಲ್ಲಿ ಕಾಬೋರೆಯನ್ನು ಇಳಿಸಿದ್ದು ಲೆಫ್ಟಿನೆಂಟ್ ಕರ್ನಲ್ ದಾಮಿಬಾ. ಸೆಪ್ಟೆಂಬರ್ 30ರಂದು ದಾಮಿಬಾನನ್ನು ಇಳಿಸಿದ್ದು ತ್ರಾವೊರೆ, ಆಗ ಅವನಿಗೆ 34. ಫ್ರೆಂಚ್ ಸೈನಿಕರನ್ನು 2023ರ ಶುರುವಿನಲ್ಲಿ ಹೊರಗೆ ಕಳಿಸಿದ, ರಷ್ಯಾದ ಕಡೆ ವಾಲಿದ. ಮಾಲಿ ಮತ್ತು ನೈಜರ್ ಜತೆ ಸೇರಿ ಸಾಹೆಲ್, ಅಂದರೆ ಸಹಾರಾದ ದಕ್ಷಿಣ ಅಂಚಿನ ಸೀಮೆಯ, ದೇಶಗಳ ಒಕ್ಕೂಟ ಕಟ್ಟಿದ. ಮೂರೂ ದೇಶ ಎಕೋವಾಸ್ ಎಂಬ ಪಶ್ಚಿಮ ಆಫ್ರಿಕಾ ಸಂಘಟನೆಯನ್ನು 2025ರ ಜನವರಿಯಲ್ಲಿ ಅಧಿಕೃತವಾಗಿ ಬಿಟ್ಟವು. ಚುನಾವಣೆ ನಡೆಸುತ್ತೇವೆ ಎಂದಿದ್ದ ಗಡುವು ದಾಟಿತು. 2024ರ ಮೇ ತಿಂಗಳಲ್ಲಿ ಸೈನಿಕ ಆಡಳಿತವನ್ನು ಇನ್ನೂ ಐದು ವರ್ಷ ಎಳೆದರು. ಟೀಕೆ ಮಾಡಿದ ಪತ್ರಕರ್ತರನ್ನೂ ನ್ಯಾಯಾಧೀಶರನ್ನೂ ಕಡ್ಡಾಯ ಸೇವೆಯ ಹೆಸರಿನಲ್ಲಿ ಯುದ್ಧದ ಮುಂಚೂಣಿಗೆ ಕಳಿಸಿದ ಪ್ರಸಂಗಗಳಿವೆ.

ಅಲ್ಲಿಯ ಎಷ್ಟೋ ಯುವಕರಿಗೆ ಅವನಲ್ಲಿ ಸಂಕಾರಾ ಕಾಣಿಸುತ್ತಾನೆ ಅನ್ನುವುದೂ ನಿಜ. ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಬೆಂಗಳೂರಿನಲ್ಲಿ ಸೋಫಾ ಮೇಲೆ ಕೂತು ‘ನಮಗೂ ಇಂಥವನು ಬೇಕು’ ಅನ್ನುವವರ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ.

ಯಾವ ಯುದ್ಧ? ಯಾರ ಜತೆ?

ಅಲ್ ಖೈದಾ ಮತ್ತು ಐಸಿಸ್ ಜತೆ ನಂಟಿರುವ ಶಸ್ತ್ರಧಾರಿ ಗುಂಪುಗಳ ಜತೆ. ಮಾಲಿಯಲ್ಲಿ 2012ರಲ್ಲಿ ಹೊತ್ತಿದ ಬೆಂಕಿ 2015ರ ಹೊತ್ತಿಗೆ ಗಡಿ ದಾಟಿತು. 2016ರ ಜನವರಿಯಲ್ಲಿ ವಾಗಾದ ನಡುಮಧ್ಯದ ಹೋಟೆಲ್ ಮತ್ತು ಕೆಫೆಯ ಮೇಲೆ ದಾಳಿಯಾಗಿ 30 ಜನ ಸತ್ತರು. ಆಮೇಲೆ ಹಳ್ಳಿಗಳು ಒಂದೊಂದಾಗಿ ಖಾಲಿಯಾದವು. 2023ರ ಸರ್ಕಾರಿ ಲೆಕ್ಕದಲ್ಲೇ 20 ಲಕ್ಷಕ್ಕೂ ಹೆಚ್ಚು ಜನ ಊರು ಬಿಟ್ಟಿದ್ದರು, ಅಂದರೆ ಹತ್ತರಲ್ಲಿ ಒಬ್ಬರು. ಉತ್ತರದ ಜಿಬೊ ಪಟ್ಟಣವನ್ನು ಉಗ್ರರು ಸುತ್ತುವರಿದು ವರ್ಷಗಟ್ಟಲೆ ದಿಗ್ಬಂಧನ ಹಾಕಿದ್ದಾರೆ. ಅಲ್ಲಿಗೆ ಆಹಾರ ಹೋಗಬೇಕಾದರೆ ಸೈನ್ಯದ ಕಾವಲಿನಲ್ಲಿ, ಇಲ್ಲವೇ ಹೆಲಿಕಾಪ್ಟರಿನಲ್ಲಿ.

ಸತ್ತವರೆಲ್ಲ ಉಗ್ರರ ಕೈಯಲ್ಲೇ ಸತ್ತಿಲ್ಲ. ಸೇನೆ ಮತ್ತು ಅದರ ಜತೆಗಿರುವ ಸ್ವಯಂಸೇವಕ ಪಡೆಗಳ ಮೇಲೂ ಹಳ್ಳಿಗರನ್ನು ಕೊಂದ ಗಂಭೀರ ಆರೋಪಗಳಿವೆ. ದನ ಮೇಯಿಸುವ ಫುಲಾನಿಗಳಿಗೆ ಎರಡೂ ಕಡೆಯಿಂದ ಏಟು. ಉಗ್ರರು ಅವರ ಹುಡುಗರನ್ನು ಸೆಳೆಯುತ್ತಾರೆ, ಉಳಿದವರು ಇಡೀ ಜನಾಂಗವನ್ನೇ ಅನುಮಾನದಿಂದ ನೋಡುತ್ತಾರೆ.

ಜನ ಏನು ಬೆಳೆಯುತ್ತಾರೆ, ಏನು ತಿನ್ನುತ್ತಾರೆ?

ಜೋಳ, ಸಜ್ಜೆ, ಮೆಕ್ಕೆಜೋಳ, ಅಲಸಂದೆ, ಶೇಂಗಾ, ಎಳ್ಳು. ಉತ್ತರ ಕರ್ನಾಟಕದ ಯಾವುದೋ ಹೊಲದ ಪಟ್ಟಿ ಓದಿದ ಹಾಗಿದೆ ಅಲ್ವಾ? ಇದು ಬರೀ ಹೋಲಿಕೆ ಅಂದುಕೊಳ್ಳಬೇಡಿ, ರಕ್ತಸಂಬಂಧ. ಸಜ್ಜೆಯನ್ನು ಮೊದಲು ಪಳಗಿಸಿದ್ದೇ ಸಾಹೆಲ್ ಸೀಮೆಯ ರೈತರು. ಜೋಳ, ಅಲಸಂದೆ, ಹುಣಸೆ ಇವೂ ಆಫ್ರಿಕಾ ಮೂಲದವು. ಹಾವೇರಿ ಜಿಲ್ಲೆಯ ಹಳ್ಳೂರಿನಲ್ಲಿ ಅಗೆದಾಗ ಸಾವಿರಾರು ವರ್ಷ ಹಳೆಯ ಸಜ್ಜೆ ಕಾಳು ಸಿಕ್ಕಿದೆ. ಕಾಳು ಅಷ್ಟು ಹಿಂದೆಯೇ ಅಲ್ಲಿಂದ ಇಲ್ಲಿಗೆ ಬಂದು ನಮ್ಮ ರೊಟ್ಟಿ ಆಯಿತು. ಅಲ್ಲಿ ಅದು ‘ತೊ’ ಆಗಿ ಉಳಿಯಿತು.

ತೊ ಅಂದರೆ ಮುದ್ದೆ, ಬೇರೆ ಮಾತಿಲ್ಲ. ದೊಡ್ಡ ಪಾತ್ರೆಯಲ್ಲಿ ನೀರು ಕುದಿಸಿ, ಜೋಳದ್ದೋ ಸಜ್ಜೆಯದ್ದೋ ಹಿಟ್ಟನ್ನು ಗಂಜಿ ಮಾಡಿ, ಅರ್ಧ ಗಂಜಿ ತೆಗೆದಿಟ್ಟು, ಉಳಿದದ್ದಕ್ಕೆ ಒಣಹಿಟ್ಟು ಸುರಿದು ಉದ್ದ ಸೌಟಿನಲ್ಲಿ ತಿರುವುತ್ತಾ, ಗಟ್ಟಿಯಾದಾಗ ತೆಗೆದಿಟ್ಟ ಗಂಜಿ ಸೇರಿಸುತ್ತಾ, ತೋಳು ಸೋಲುವವರೆಗೂ ಗೊಟಾಯಿಸಬೇಕು. ಹುಳಿಗೆ ಹುಣಸೆನೀರು ಹಾಕುವವರೂ ಇದ್ದಾರೆ. ಬಲಗೈಯಲ್ಲಿ ತುಂಡು ಮುರಿದು, ಬೆಂಡೆಕಾಯಿಯ ಲೋಳೆ ಸಾರಿನಲ್ಲೋ ಬಾವೊಬಾಬ್ ಮರದ ಸೊಪ್ಪಿನ ಸಾರಿನಲ್ಲೋ ಅದ್ದಿ ತಿನ್ನುತ್ತಾರೆ. ಆ ಸಾರಿಗೆ ರುಚಿ ಕೊಡುವುದು ‘ಸುಂಬಾಲಾ’. ನೆರೆ ಎಂಬ ಮರದ ಬೀಜ ಬೇಯಿಸಿ ಹುದುಗಿಸಿ ಉಂಡೆ ಕಟ್ಟಿದ್ದು. ವಾಸನೆ ಮೂಗಿಗೆ ಹೊಡೆಯುತ್ತದೆ, ಒಣಮೀನು ಗೊತ್ತಿರುವ ಕರಾವಳಿಯವರು ಹೆದರಬೇಕಿಲ್ಲ.

ಕೆಂಪು ಜೋಳದಿಂದ ‘ದೊಲೊ’ ಎಂಬ ಬಿಯರ್ ಮಾಡುತ್ತಾರೆ. ಕಾಯಿಸುವುದು, ಮಾರುವುದು, ಲೆಕ್ಕ ಇಡುವುದು ಎಲ್ಲ ಹೆಂಗಸರೇ. ಸೋರೆಬುರುಡೆಯಲ್ಲಿ ಕುಡಿಯುತ್ತಾರೆ. ಕುಡಿಯದವರಿಗೆ ‘ಬಿಸಾಪ್’ ಇದೆ. ನಮ್ಮ ಪುಂಡಿ ಸೊಪ್ಪಿನ ಕುಟುಂಬದ ಗಿಡದ ಹೂವಿನ ಬುಡದ ಕೆಂಪು ಹೊದಿಕೆಯಿಂದ ಮಾಡಿದ ತಣ್ಣನೆ ಪಾನಕ. ನಾಟಿ ಕೋಳಿಗೆ ಅಲ್ಲಿ ‘ಸೈಕಲ್ ಕೋಳಿ’ ಅನ್ನುತ್ತಾರೆ. ಹಳ್ಳಿಯಿಂದ ಸೈಕಲ್ಲಿಗೆ ಕಟ್ಟಿಕೊಂಡು ಸಂತೆಗೆ ತರುವುದನ್ನು ನೋಡಿದವರಿಗೆ ಹೆಸರು ತಾನಾಗೇ ಅರ್ಥವಾಗುತ್ತದೆ.

ಮಳೆ ಹೇಗೆ?

ಜೂನ್‌ನಿಂದ ಸೆಪ್ಟೆಂಬರ್, ಅಷ್ಟೇ. ನವೆಂಬರ್ ಮುಗಿಯುತ್ತಾ ಸಹಾರಾದಿಂದ ಹರ್ಮಟಾನ್ ಎಂಬ ಒಣಗಾಳಿ ಧೂಳು ಹೊತ್ತು ಬರುತ್ತದೆ, ತುಟಿ ಒಡೆಯುತ್ತದೆ. ಮಾರ್ಚ್, ಏಪ್ರಿಲ್ ಬಂದರೆ 40 ಡಿಗ್ರಿ ದಾಟುವುದು ಮಾಮೂಲು. ರಾಯಚೂರಿನವರಿಗೆ ವಿವರಿಸಬೇಕಿಲ್ಲ.

ಅಷ್ಟು ಬರಡು ನೆಲದಲ್ಲಿ ಬೆಳೆ ತೆಗೆದ ರೈತನ ಕಥೆ ಏನು?

ಯಾಕುಬಾ ಸಾವಾದೋಗೊ. ಉತ್ತರದ ಯಾತೆಂಗಾ ಸೀಮೆಯವನು. 1970, 80ರ ದಶಕದಲ್ಲಿ ಬರ ಬಿದ್ದು ಜನ ಗುಳೆ ಹೋಗುತ್ತಿದ್ದಾಗ ಇವನು ಊರಲ್ಲೇ ಉಳಿದ. ಅಲ್ಲಿ ‘ಜಾಯಿ’ ಎಂಬ ಹಳೇ ಪದ್ಧತಿ ಇತ್ತು. ಬೇಸಿಗೆಯಲ್ಲೇ ಗಟ್ಟಿ ನೆಲದಲ್ಲಿ ಗುದ್ದಲಿಯಿಂದ ಗೇಣಗಲದ, ಗೇಣಿಗಿಂತ ಸ್ವಲ್ಪ ಕಡಿಮೆ ಆಳದ ಕುಣಿಗಳನ್ನು ಸಾಲಾಗಿ ತೋಡುವುದು. ಇವನು ಅದನ್ನು ಸ್ವಲ್ಪ ದೊಡ್ಡದು ಮಾಡಿ ಒಳಗೆ ಕೊಟ್ಟಿಗೆ ಗೊಬ್ಬರ, ಕಸಕಡ್ಡಿ ತುಂಬಿದ. ಗೊಬ್ಬರದ ಆಸೆಗೆ ಗೆದ್ದಲು ಬರುತ್ತವೆ. ಅವು ಕೊರೆದ ಬಿಲಗಳಲ್ಲಿ ಮೊದಲ ಮಳೆಯ ನೀರು ಹರಿದುಹೋಗದೆ ಒಳಗಿಳಿಯುತ್ತದೆ. ಅದೇ ಕುಣಿಯಲ್ಲಿ ಜೋಳ ಬಿತ್ತುವುದು. ಗೆದ್ದಲು ಕಂಡರೆ ಔಷಧಿ ಹುಡುಕುವ ನಮಗೆ ಇದು ಉಲ್ಟಾ ಅನಿಸುತ್ತದೆ. ಇಳಿಜಾರಿಗೆ ಅಡ್ಡವಾಗಿ ಕಲ್ಲಿನ ಸಾಲುಗಳನ್ನೂ ಇಟ್ಟ.

ಬೇಸಿಗೆಯಲ್ಲಿ ನೆಲ ಅಗೆಯುವವನನ್ನು ನೋಡಿ ಊರವರು ಹುಚ್ಚ ಎಂದರು, ಒಂದು ಸಲ ಅವನು ಬೆಳೆಸಿದ್ದಕ್ಕೆ ಬೆಂಕಿಯೂ ಬಿತ್ತು. ಗೊಬ್ಬರದಲ್ಲಿ ಬಂದ ಬೀಜಗಳಿಂದ ಗಿಡ ಹುಟ್ಟಿದಾಗ ಕೀಳದೆ ಬಿಟ್ಟ, ಅದು ಕೊನೆಗೆ ಇಪ್ಪತ್ತೈದು ಹೆಕ್ಟೇರಿಗೂ ಹೆಚ್ಚಿನ ಕಾಡಾಯಿತು. ಬೇರೆ ರೈತರು ಕಲಿಯಲು ಬಂದರು, ಪಕ್ಕದ ನೈಜರ್‌ಗೂ ಪದ್ಧತಿ ಹರಡಿತು. 2018ರಲ್ಲಿ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು. 2023ರ ಡಿಸೆಂಬರ್‌ನಲ್ಲಿ ತೀರಿಕೊಂಡ. ಆ ಹೊತ್ತಿಗೆ ಅವನ ಸೀಮೆಗೂ ಯುದ್ಧ ಬಂದಿತ್ತು.

ಬಿಟಿ ಹತ್ತಿ ಬಿಟ್ಟರಂತಲ್ಲ, ಯಾಕೆ?

ಇದನ್ನು ನಮ್ಮ ಹತ್ತಿ ರೈತರು ಕೇಳಲೇಬೇಕು. ಬುರ್ಕಿನಾ 2008ರಲ್ಲಿ ಬಿಟಿ ಹತ್ತಿ ಹಾಕಲು ಶುರು ಮಾಡಿತು. ಕೆಲವೇ ವರ್ಷದಲ್ಲಿ ಅರ್ಧಕ್ಕಿಂತ ಹೆಚ್ಚು ಹೊಲ ಬಿಟಿ ಆಯಿತು. ಕಾಯಿಕೊರಕ ಕಡಿಮೆಯಾಯಿತು, ಔಷಧಿ ಹೊಡೆಯುವುದೂ ತಗ್ಗಿತು, ಇಳುವರಿಯೂ ಚೆನ್ನಾಗಿತ್ತು. ತಕರಾರು ಬಂದದ್ದು ಎಳೆಯಲ್ಲಿ. ಬುರ್ಕಿನಾದ ಹತ್ತಿಗೆ ಮಾರುಕಟ್ಟೆಯಲ್ಲಿ ಹೆಸರಿದ್ದದ್ದೇ ಉದ್ದ ಎಳೆಗೆ. ಬಿಟಿ ಬಂದ ಮೇಲೆ ಎಳೆ ಗಿಡ್ಡವಾಯಿತು, ಬೆಲೆ ಬಿತ್ತು. 2016ರಿಂದ ಹಳೇ ತಳಿಗೇ ವಾಪಸಾದರು. ರೈತನ ಹೊಲದಲ್ಲಿ ಗೆದ್ದ ಬೀಜ ಖರೀದಿದಾರನ ಕೈಯಲ್ಲಿ ಸೋತಿತು. ನಮ್ಮ ಕಡೆ ಡಿಸಿಎಚ್ ಎಂಬ ಉದ್ದ ಎಳೆಯ ಹತ್ತಿ ಬೆಳೆದು ಎಳೆ ನೋಡಿ ದರ ಹೇಳಿಸಿಕೊಂಡವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಅಂದ ಹಾಗೆ, ಅಲ್ಲಿಯ ಹತ್ತಿಯ ಬಹುಪಾಲು ಬೀಜ ಬಿಡಿಸಿಕೊಂಡು ಹಾಗೇ ಹಡಗು ಹತ್ತುತ್ತದೆ. ನೂಲಾಗುವುದು, ಬಟ್ಟೆಯಾಗುವುದು ಬೇರೆ ಕಡೆ.

ಚಿನ್ನ ಇದೆ ಅಂತಾರೆ. ಹಾಗಿದ್ದರೂ ಯಾಕೆ ಬಡತನ?

ಚಿನ್ನ ಧಾರಾಳವಾಗಿದೆ. ವರ್ಷಕ್ಕೆ 50 ಟನ್‌ಗಿಂತ ಹೆಚ್ಚು ತೆಗೆದ ವರ್ಷಗಳಿವೆ. ನಮ್ಮ ಹಟ್ಟಿ ಗಣಿ ವರ್ಷಕ್ಕೆ ಕೊಡುವುದು ಒಂದೆರಡು ಟನ್. ರಫ್ತಿನಲ್ಲಿ ಹತ್ತಿಯನ್ನು ಹಿಂದೆ ಹಾಕಿ ಚಿನ್ನ ಮೊದಲಾಗಿ ಹತ್ತು ವರ್ಷದ ಮೇಲಾಯಿತು. ಆದರೆ ದೊಡ್ಡ ಗಣಿಗಳು ಬಹುಕಾಲ ವಿದೇಶಿ ಕಂಪನಿಗಳ ಕೈಯಲ್ಲಿದ್ದವು, ಚಿನ್ನ ಶುದ್ಧವಾಗಲು ಸ್ವಿಟ್ಜರ್ಲೆಂಡಿಗೆ ಹೋಗುತ್ತಿತ್ತು. 2024ರಲ್ಲಿ ಸರ್ಕಾರ ಹೊಸ ಗಣಿ ಕಾನೂನು ತಂದು ತನ್ನ ಪಾಲು ಹೆಚ್ಚಿಸಿಕೊಂಡಿತು, ಎರಡು ಗಣಿಗಳನ್ನು ವಶಕ್ಕೆ ತೆಗೆದುಕೊಂಡಿತು.

ಇದರಾಚೆ ಸಲಿಕೆ, ಹಗ್ಗ, ಟಾರ್ಚು ಹಿಡಿದು ಬಾವಿಯಂಥ ಗುಂಡಿಗೆ ಇಳಿಯುವ ಲಕ್ಷಾಂತರ ಜನರಿದ್ದಾರೆ. ಗುಂಡಿ ಕುಸಿಯುತ್ತದೆ, ಪಾದರಸ ಮೈಗೆ ಸೇರುತ್ತದೆ, ಉತ್ತರ ಮತ್ತು ಪೂರ್ವದ ಎಷ್ಟೋ ಕಡೆ ಉಗ್ರರು ಬಂದು ವಸೂಲಿ ಮಾಡುತ್ತಾರೆ. ಹೆಂಗಸರ ಚಿನ್ನ ಅಂತ ಕರೆಯುವುದು ಬೇರೆಯದನ್ನು, ಶಿಯಾ ಮರದ ಕಾಯಿಯಿಂದ ಕಡೆದು ತೆಗೆಯುವ ಬೆಣ್ಣೆಯನ್ನು. ನಿಮ್ಮ ಮನೆಯ ಬಾಡಿ ಲೋಷನ್ ಬಾಟಲಿಯ ಹಿಂದೆ ‘ಶಿಯಾ ಬಟರ್’ ಅಂತ ಇದ್ದರೆ ಅದರಲ್ಲಿ ಈ ಸೀಮೆಯ ಯಾರೋ ಹೆಂಗಸಿನ ಕೈಕೆಲಸ ಇರಬಹುದು.

ಯಾವ ಭಾಷೆ, ಯಾವ ಜನ, ಯಾವ ಧರ್ಮ?

ಹೆಚ್ಚು ಕಡಿಮೆ ಅರ್ಧದಷ್ಟು ಜನ ಮೋಸಿಗಳು, ಅವರ ಭಾಷೆ ಮೋರೆ. ಫುಲಾನಿ, ಗುರ್ಮಾಂಚೆ, ಬೋಬೊ, ಲೋಬಿ, ಸೆನುಫೊ, ಹೀಗೆ ಪಟ್ಟಿ ಉದ್ದ ಇದೆ. ಆರು ದಶಕ ಅಧಿಕೃತ ಭಾಷೆಯಾಗಿದ್ದ ಫ್ರೆಂಚನ್ನು ಸಂವಿಧಾನ ತಿದ್ದಿ ಕೆಳಗಿಳಿಸಿದ್ದಾರೆ. ಈಗ ನಾಡಿನ ಭಾಷೆಗಳು ಅಧಿಕೃತ, ಫ್ರೆಂಚ್ ವ್ಯವಹಾರದ ಭಾಷೆ. ಕಾಗದದಲ್ಲಿ ಆದದ್ದು ಕಚೇರಿಗೆ ಬರಲು ಎಷ್ಟು ದಿನ ಹಿಡಿಯುತ್ತದೆ ಅನ್ನುವುದು ಕನ್ನಡಿಗರಿಗೆ ಗೊತ್ತಿರುವ ವಿಷಯ.

ಮುಸ್ಲಿಮರು ಅರವತ್ತು ಪರ್ಸೆಂಟಿಗಿಂತ ಜಾಸ್ತಿ, ಕ್ರೈಸ್ತರು ಕಾಲು ಭಾಗ, ಉಳಿದವರು ಹಿರಿಯರ ಪೂಜೆಯ ಹಳೇ ಧರ್ಮದವರು. ಒಂದೇ ಮನೆಯಲ್ಲಿ ಮೂರೂ ಇರುವುದುಂಟು.

ಅಲ್ಲಿ ರಾಜ ಇನ್ನೂ ಇದ್ದಾನಾ?

ಇದ್ದಾನೆ. ಮೋಸಿಗಳ ದೊರೆಗೆ ‘ಮೋಘೊ ನಾಬಾ’ ಅನ್ನುತ್ತಾರೆ. ಈಗಿನವನು 1982ರಿಂದ ಪಟ್ಟದಲ್ಲಿದ್ದಾನೆ. ಕಾನೂನಿನ ಅಧಿಕಾರ ಏನೂ ಇಲ್ಲ, ಮಾತಿಗೆ ತೂಕ ಇದೆ. 2015ರಲ್ಲಿ ದಂಗೆ ಎದ್ದ ಪಡೆಗೂ ಸೇನೆಗೂ ಒಪ್ಪಂದ ಆದದ್ದು ಅವನ ಅರಮನೆಯಲ್ಲೇ.

ಶುಕ್ರವಾರ ಬೆಳಿಗ್ಗೆ ಅರಮನೆ ಮುಂದೆ ಒಂದು ನಾಟಕ ನಡೆಯುತ್ತದೆ. ದೊರೆ ಕೆಂಪು ಬಟ್ಟೆ ತೊಟ್ಟು ಹೊರಗೆ ಬರುತ್ತಾನೆ. ಜೀನು ಬಿಗಿದ ಕುದುರೆ ಸಿದ್ಧವಾಗಿರುತ್ತದೆ. ಹೊರಟೇಬಿಟ್ಟ ಅನ್ನುವಾಗ ಮಂತ್ರಿಗಳು ಬಾಗಿ ಬೇಡಿಕೊಳ್ಳುತ್ತಾರೆ, ಹೋಗಬೇಡಿ ಒಡೆಯಾ ಅಂತ. ದೊರೆ ಒಳಗೆ ಹೋಗಿ ಬಿಳಿ ಬಟ್ಟೆ ತೊಟ್ಟು ಬರುತ್ತಾನೆ. ಕುದುರೆಯ ಜೀನು ಬಿಚ್ಚುತ್ತಾರೆ. ಯುದ್ಧಕ್ಕೆ ಹೊರಟವನನ್ನು ತಡೆದದ್ದು ಅಂತ ಕೆಲವರು ಹೇಳುತ್ತಾರೆ. ತವರಿಗೆ ಹೋದ ಮುದ್ದಿನ ಹೆಂಡತಿಯನ್ನು ಕರೆತರಲು ರಾಜ್ಯ ಬಿಟ್ಟು ಹೊರಟಿದ್ದ ಅಂತ ಇನ್ನು ಕೆಲವರು. ನನಗೆ ಎರಡನೆಯದೇ ಇಷ್ಟ. ಫೋಟೋ ತೆಗೆಯಲು ಬಿಡುವುದಿಲ್ಲ.

ಫುಟ್ಬಾಲ್ ಆಟಗಾರರಲ್ಲಿ, ಸಿನಿಮಾದವರಲ್ಲಿ ಎಲ್ಲ ‘ವೆದ್ರಾವೊಗೊ’ ಯಾಕೆ?

ನಮ್ಮಲ್ಲಿ ಗೌಡ, ಪಾಟೀಲ ಇದ್ದ ಹಾಗೆ. ಆ ಪದಕ್ಕೆ ಗಂಡುಕುದುರೆ ಅಂತ ಅರ್ಥ. ಯೆನೆಂಗಾ ಎಂಬ ರಾಜಕುಮಾರಿ ಕುದುರೆ ಸವಾರಿಯಲ್ಲಿ ಎತ್ತಿದ ಕೈ. ಯುದ್ಧಕ್ಕೆ ಬೇಕು ಅಂತ ಅಪ್ಪ ಅವಳಿಗೆ ಮದುವೆ ಮಾಡಲಿಲ್ಲ. ಅವಳು ಕುದುರೆ ಹತ್ತಿ ಓಡಿಹೋದಳು, ಕಾಡಿನಲ್ಲಿ ಆನೆ ಬೇಟೆಗಾರ ಸಿಕ್ಕ, ಹುಟ್ಟಿದ ಮಗನಿಗೆ ಕುದುರೆಯ ಹೆಸರಿಟ್ಟಳು. ಮೋಸಿಗಳು ಆ ಮಗನ ವಂಶ ಅಂತ ಐತಿಹ್ಯ. ಫುಟ್ಬಾಲ್ ತಂಡದ ಅಡ್ಡಹೆಸರೂ ‘ಗಂಡುಕುದುರೆಗಳು’. 2013ರ ಆಫ್ರಿಕಾ ಕಪ್ ಫೈನಲ್ ತಲುಪಿ ನೈಜೀರಿಯಾಕ್ಕೆ ಒಂದು ಗೋಲಿನಿಂದ ಸೋತರು.

1969ರಿಂದ ವಾಗಾದಲ್ಲಿ ನಡೆಯುವ ಫೆಸ್ಪಾಕೊ ಆಫ್ರಿಕಾದ ಅತಿ ದೊಡ್ಡ ಸಿನಿಮಾ ಹಬ್ಬಗಳಲ್ಲಿ ಒಂದು, ಈಗ ಎರಡು ವರ್ಷಕ್ಕೊಮ್ಮೆ. ಅದರ ದೊಡ್ಡ ಬಹುಮಾನ ಯೆನೆಂಗಾಳ ಚಿನ್ನದ ಕುದುರೆ. ತ್ರಿವಿಧ ಜಿಗಿತದ ಹ್ಯೂಗ್ ಫಾಬ್ರಿಸ್ ಜಾಂಗೊ ಟೋಕಿಯೊದಲ್ಲಿ ಕಂಚು ಗೆದ್ದು ದೇಶಕ್ಕೆ ಮೊದಲ ಒಲಿಂಪಿಕ್ ಪದಕ ತಂದ, 2023ರಲ್ಲಿ ವಿಶ್ವ ಚಾಂಪಿಯನ್ ಆದ.

ಮಣ್ಣಿನ ಶಾಲೆ ಕಟ್ಟಿ ವಾಸ್ತುಶಿಲ್ಪದ ದೊಡ್ಡ ಪ್ರಶಸ್ತಿ ಪ್ರಿಟ್ಸ್‌ಕರ್ ಗೆದ್ದವರು ಇಲ್ಲಿಯವರಾ?

ಹೌದು, ಫ್ರಾನ್ಸಿಸ್ ಕೆರೆ, ಗಾಂದೊ ಎಂಬ ಹಳ್ಳಿಯವರು. ಬರ್ಲಿನ್ನಿನಲ್ಲಿ ಓದುವಾಗಲೇ ದುಡ್ಡು ಕೂಡಿಸಿ 2001ರಲ್ಲಿ ಊರಿಗೆ ಶಾಲೆ ಕಟ್ಟಿಸಿದರು. ಗೋಡೆಗೆ ಸ್ವಲ್ಪ ಸಿಮೆಂಟ್ ಬೆರೆಸಿ ಒತ್ತಿದ ಮಣ್ಣಿನ ಇಟ್ಟಿಗೆ. ತಗಡಿನ ಸೂರನ್ನು ಗೋಡೆಗೆ ತಾಗಿಸದೆ ಮೇಲಕ್ಕೆ ಎತ್ತಿ ಕೂರಿಸಿದರು. ಬಿಸಿಗಾಳಿ ಮೇಲಿಂದ ಹೋಗುತ್ತದೆ, ಫ್ಯಾನ್ ಇಲ್ಲದೆ ತರಗತಿ ತಂಪು. ತಗಡಿನ ಶೀಟಿನ ಕೆಳಗೆ ಮಧ್ಯಾಹ್ನದ ಕ್ಲಾಸು ಕೇಳಿದ ಯಾರಿಗಾದರೂ ಇದರ ಬೆಲೆ ಗೊತ್ತು. 2022ರಲ್ಲಿ ಪ್ರಿಟ್ಸ್‌ಕರ್ ಗೆದ್ದ ಮೊದಲ ಆಫ್ರಿಕನ್ ಅವರು.

ಘಾನಾ ಗಡಿಯ ತಿಯೆಬೆಲೆಯಲ್ಲಿ ಕಸೆನಾ ಹೆಂಗಸರು ಮಣ್ಣಿನ ಗೋಡೆಗಳ ಮೇಲೆ ಕಪ್ಪು, ಬಿಳಿ, ಕೆಂಪಿನಲ್ಲಿ ಚಿತ್ತಾರ ಬರೆಯುತ್ತಾರೆ. 2024ರಲ್ಲಿ ಅಲ್ಲಿಯ ದೊರೆಯ ಅರಮನೆ ಆವರಣ ಯುನೆಸ್ಕೊ ಪಟ್ಟಿ ಸೇರಿತು.

ಪ್ರವಾಸ ಹೋಗಬಹುದಾ?

ಈಗ ಬೇಡ. ಬಾನ್ಫೊರಾದ ಜಲಪಾತ, ಸಿಂದುವಿನ ಕಲ್ಲುಶಿಖರ, ಬೋಬೊದ ಮಣ್ಣಿನ ಮಸೀದಿ ನೋಡುವ ಆಸೆ ನನಗೂ ಇದೆ. ಆದರೆ ವಾಗಾ ಬಿಟ್ಟು ರಸ್ತೆಯಲ್ಲಿ ಹೋಗುವುದು ಅಪಾಯ. ಕೆಲಸದ ಮೇಲೆ ಹೋಗಲೇಬೇಕಾದವರು ಯೆಲ್ಲೋ ಫೀವರ್ ಲಸಿಕೆಯನ್ನು ಹತ್ತು ದಿನ ಮುಂಚೆಯೇ ಹಾಕಿಸಿಕೊಳ್ಳಿ. ಬೆಂಗಳೂರಿನಲ್ಲೂ ಹಾಕುತ್ತಾರೆ. ಆ ಹಳದಿ ಕಾರ್ಡು ಇಲ್ಲದೆ ವಾಪಸ್ ಬಂದರೆ ನಮ್ಮ ವಿಮಾನ ನಿಲ್ದಾಣದಲ್ಲೇ ಹಿಡಿದು ಕ್ವಾರಂಟೈನ್‌ಗೆ ಹಾಕಬಹುದು. ಮಲೇರಿಯಾ ಮಾತ್ರೆ ಬಗ್ಗೆ ಡಾಕ್ಟರನ್ನು ಕೇಳಿ. ದುಡ್ಡು ಸಿಎಫ್‌ಎ ಫ್ರಾಂಕ್, ಒಂದು ಯೂರೋಗೆ 655.957, ಆ ದರ ಬದಲಾಗುವುದಿಲ್ಲ. ಸಮಯ ನಮಗಿಂತ ಐದೂವರೆ ಗಂಟೆ ಹಿಂದೆ.

ಬುರ್ಕಿನಾಬೆ ಯಾರಾದರೂ ಸಿಕ್ಕರೆ ಏನು ಮಾತಾಡಲಿ?

ಮೊದಲು ಕ್ಷೇಮ ಕೇಳಿ. ಮನೆ, ಮಕ್ಕಳು, ಕೆಲಸ, ಆರೋಗ್ಯ, ಒಂದೊಂದಾಗಿ ಕೇಳುವುದು ಅಲ್ಲಿ ಮರ್ಯಾದೆ. ಎಲ್ಲದಕ್ಕೂ ಉತ್ತರ ‘ಲಾಫಿ’. ಆರಾಮ, ನೆಮ್ಮದಿ ಅಂತ. ನಮ್ಮ ಧಾರವಾಡದ ಕಡೆ ‘ಆರಾಮ ಅದೀರಿ?’ಗೆ ‘ಆರಾಮ್ರಿ’ ಅಂದ ಹಾಗೆ. ಥ್ಯಾಂಕ್ಸಿಗೆ ‘ಬಾರ್ಕಾ’.

ಆಮೇಲೆ ಅವರು ಮೋಸಿಯಾ, ಸಾಮೊನಾ ಅಂತ ಕೇಳಿ ನೋಡಿ. ಈ ಎರಡು ಜನಾಂಗದ ನಡುವೆ ಕೀಟಲೆಯ ನಂಟು. ನಮ್ಮಲ್ಲಿ ಸೋದರಮಾವನ ಮಕ್ಕಳು ರೇಗಿಸಿಕೊಳ್ಳುವ ಹಾಗೆ, ಇಡೀ ಜನಾಂಗಕ್ಕೆ ಜನಾಂಗವೇ ರೇಗಿಸುವ ಹಕ್ಕು. ದಾರಿಯಲ್ಲಿ ಸಿಕ್ಕ ಗುರುತಿಲ್ಲದವನನ್ನೂ ‘ನೀನು ನನ್ನ ಆಳು’ ಅನ್ನಬಹುದು, ಅವನು ಸಿಟ್ಟಾಗುವ ಹಾಗಿಲ್ಲ. ಸಾವಿನ ಮನೆಯಲ್ಲೂ ಬಿಡುವುದಿಲ್ಲ. ಹೆಣ ಎತ್ತುವ ಹೊತ್ತಿಗೆ ಬಂದು ಅಡ್ಡ ನಿಂತು, ದುಡ್ಡು ಕೊಡದೆ ಹೂಳಲು ಬಿಡುವುದಿಲ್ಲ ಅಂತ ತಮಾಷೆ ಮಾಡುತ್ತಾರೆ, ಅಳುತ್ತಿದ್ದವರು ನಗುತ್ತಾ ಚಿಲ್ಲರೆ ಹುಡುಕುತ್ತಾರೆ.